ಬಿಳಿಚಿದ ಬಂಪರ್, ಬೂದಿ ಬಣ್ಣದ ಬೀಡಿಂಗ್: ಡೀಸೆಲ್ ಬಟ್ಟೆ ಪಕ್ಕಕ್ಕಿಡಿ

ಪ್ರಶ್ನೆ: ನಮ್ಮದು 2016ರ ಎಸ್‌ಯುವಿ. ಊರು ರಾಯಚೂರು. ಗಾಡಿ ನಿಲ್ಲಿಸುವುದು ಮನೆ ಮುಂದೆ, ಬಿಸಿಲಲ್ಲೇ. ಪೇಂಟ್ ಇನ್ನೂ ಚೆನ್ನಾಗಿದೆ. ಆದರೆ ಬಂಪರ್‌ನ ಕೆಳಭಾಗ, ಚಕ್ರದ ಮೇಲಿನ ಕಪ್ಪು ಪಟ್ಟಿ, ಕಿಟಕಿ ಗಾಜಿನ ಬುಡದ ರಬ್ಬರ್ ಎಲ್ಲವೂ ಬೂದಿ ಬಣ್ಣಕ್ಕೆ ತಿರುಗಿವೆ. ಅಲ್ಲಲ್ಲಿ ಬಿಳಿ ಕಲೆ. ವಾಟರ್ ಸರ್ವಿಸ್‌ನವರು ಪ್ರತಿ ಸಲ ಡೀಸೆಲ್ ಒರೆಸಿ ಕೊಡುತ್ತಾರೆ. ಎರಡು ದಿನ ಕಪ್ಪಗೆ ಹೊಳೆಯುತ್ತದೆ, ಆಮೇಲೆ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಇದನ್ನು ಮನೆಯಲ್ಲೇ ಸರಿ ಮಾಡಬಹುದಾ? ಡಿಟೇಲಿಂಗ್ ಅಂಗಡಿಯವರು ಸೆರಾಮಿಕ್ ಕೋಟಿಂಗ್ ಅಂತ ದೊಡ್ಡ ಮೊತ್ತ ಹೇಳಿದ್ದಾರೆ. ಕೊಡಬಹುದಾ?

ಉತ್ತರ: ಮನೆಯಲ್ಲೇ ಸರಿ ಮಾಡಬಹುದು. ಬಿಡುವಿರುವ ಒಂದು ಭಾನುವಾರ ಸಾಕು. ಯಾವ ಡಬ್ಬಿ ತರಲಿ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಪ್ರಕಾರ ಡಬ್ಬಿಯ ಮಾತು ಕೊನೆಗೆ. ಹಚ್ಚುವ ಮೊದಲು ಎಷ್ಟು ಚೆನ್ನಾಗಿ ತೊಳೆದಿರಿ ಅನ್ನುವುದರ ಮೇಲೇ ಈ ಕೆಲಸ ನಿಂತಿದೆ. ನಿಮ್ಮ ಗಾಡಿಗಂತೂ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ, ಯಾಕೆಂದರೆ ಅದರ ಮೇಲೆ ಹಲವು ಸಲದ ಡೀಸೆಲ್ ಮತ್ತು ಆ ಡೀಸೆಲ್ ಹಿಡಿದಿಟ್ಟ ಧೂಳು ಕೂತಿದೆ.

ಮೊದಲು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಕಪ್ಪಗಿರುವ ಒಂದೊಂದು ಭಾಗವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಬಂಪರ್‌ನ ಕೆಳಭಾಗ ಮತ್ತು ಚಕ್ರದ ಮೇಲಿನ ಕ್ಲಾಡಿಂಗ್ (ನೀವು ಹೇಳಿದ ಕಪ್ಪು ಪಟ್ಟಿ) ಒತ್ತಿದರೆ ಒಳಗೆ ಹೋಗುವುದಿಲ್ಲ. ಅದು ರಬ್ಬರ್ ಅಲ್ಲ, ಪಾಲಿಪ್ರೊಪಿಲಿನ್ ಪ್ಲಾಸ್ಟಿಕ್. ಒಡೆಯದಿರಲಿ ಅಂತ ಅದಕ್ಕೆ ಸ್ವಲ್ಪ ರಬ್ಬರ್ ಬೆರೆಸಿರುತ್ತಾರೆ, ಅಷ್ಟೇ. ಬಾಗಿಲಿನ ಸುತ್ತ ಇರುವ ದಪ್ಪ ಬೀಡಿಂಗ್ ಒತ್ತಿದರೆ ತಗ್ಗಿ, ಬಿಟ್ಟರೆ ಮೇಲೆ ಬರುತ್ತದೆ. ಅದು ನಿಜವಾದ ರಬ್ಬರ್. ಇಂದಿನ ಕಾರುಗಳಲ್ಲಿ ಬಹುತೇಕ ಇಪಿಡಿಎಂ ಎಂಬ ಜಾತಿಯದು. ಗಾಜಿನ ಬುಡದಲ್ಲಿ ಹೊರಗಡೆ ಕಾಣುವ ಗ್ಲಾಸ್ ಬೀಡಿಂಗ್ ಬೇರೆಯೇ. ಅದರ ಒಳಗೆ ತೆಳು ಲೋಹದ ಪಟ್ಟಿ, ಮೇಲೆ ರಬ್ಬರಿನ ಹಾಗೆ ಬಾಗುವ ಪ್ಲಾಸ್ಟಿಕ್. ಗಾಜು ಮೇಲೆ ಕೆಳಗೆ ಓಡಾಡುವ ಚಾನೆಲ್‌ನ ಒಳಮೈಗೆ ಸಣ್ಣ ನೂಲಿನ ರೋಮ ಅಂಟಿಸಿರುತ್ತಾರೆ. ಇನ್ನು ಎರಡು ಬಾಗಿಲುಗಳ ನಡುವಿನ ಕಂಬದ ಮೇಲೆ ಕೆಲವು ಕಾರುಗಳಲ್ಲಿ ಬರೀ ಕಪ್ಪು ಸ್ಟಿಕ್ಕರ್ ಇರುತ್ತದೆ. ಅದು ಬಿಳಿಚಿ ಸಿಪ್ಪೆ ಏಳುತ್ತಿದ್ದರೆ ಯಾವ ಪಾಲಿಶ್ ಹಾಕಿದರೂ ಅಷ್ಟೇ. ಕಿತ್ತು ಹೊಸದು ಅಂಟಿಸಬೇಕು.

ಇಷ್ಟೊಂದು ವಿವರ ಯಾಕೆ ಅಂದರೆ, ಬಂಪರ್‌ಗೆ ಒಳ್ಳೆಯದಾದದ್ದು ಬಾಗಿಲ ಬೀಡಿಂಗ್‌ಗೆ ಕೆಟ್ಟದ್ದಾಗಬಹುದು. ಒಂದೇ ಬಟ್ಟೆ, ಒಂದೇ ಡಬ್ಬಿ ಹಿಡಿದು ಎಲ್ಲ ಕಡೆ ಎಳೆದುಕೊಂಡು ಹೋಗುವುದರಿಂದಲೇ ಅರ್ಧ ಗಾಡಿಗಳು ಹಾಳಾಗುತ್ತವೆ.

ಈಗ, ಕಪ್ಪು ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಪ್ಲಾಸ್ಟಿಕ್‌ಗೆ ಕಪ್ಪು ಕೊಡುವುದು ಕಾರ್ಬನ್ ಬ್ಲ್ಯಾಕ್, ಅಂದರೆ ಅತಿ ನುಣ್ಣನೆಯ ಮಸಿ. ಅದು ಬರೀ ಬಣ್ಣವಲ್ಲ. ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣವನ್ನು ನುಂಗಿ ಪ್ಲಾಸ್ಟಿಕ್ಕನ್ನು ಕಾಯುವ ಕೆಲಸವೂ ಅದರದ್ದೇ. ಹೊಲದಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಬಿದ್ದಿರುವ ಕರಿ ಎಚ್‌ಡಿಪಿಇ ಪೈಪಿಗೂ ಇದೇ ಕಾರಣಕ್ಕೆ ಸುಮಾರು ಶೇ 2.5ರಷ್ಟು ಕಾರ್ಬನ್ ಬ್ಲ್ಯಾಕ್ ಬೆರೆಸುತ್ತಾರೆ. ಆದರೂ ಮೇಲ್ಮೈಯ ತೆಳು ಪದರಕ್ಕೆ ಬಿಸಿಲು ಮತ್ತು ಆಮ್ಲಜನಕದ ಹೊಡೆತ ತಪ್ಪುವುದಿಲ್ಲ. ಅಲ್ಲಿ ಪ್ಲಾಸ್ಟಿಕ್‌ನ ಉದ್ದ ಸರಪಳಿಗಳು ತುಂಡಾಗಿ, ಕಣ್ಣಿಗೆ ಕಾಣದ ಬಿರುಕುಗಳು ಬೀಳುತ್ತವೆ. ಆ ಬಿರುಕುಗಳಲ್ಲಿ ಬೆಳಕು ಚದುರುತ್ತದೆ. ಚದುರಿದ ಬೆಳಕು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಮಸಿ ಕೆಳಗೇ ಇದೆ, ಅದರ ಮೇಲೆ ಒಂದು ಬಿಳಿ ಮಬ್ಬು ಅಷ್ಟೇ. ಶಾಲೆಯ ಸ್ಲೇಟು ಒಣಗಿದಾಗ ಬೂದಿ ಬಣ್ಣ, ಒದ್ದೆ ಬಟ್ಟೆ ಆಡಿಸಿದರೆ ಕಡುಕಪ್ಪು, ನೆನಪಿದೆ ಅಲ್ವಾ? ಇಲ್ಲೂ ಅದೇ. ನೀರೋ ಎಣ್ಣೆಯೋ ಬಿರುಕು ತುಂಬಿದರೆ ಬೆಳಕು ಚದುರುವುದು ನಿಂತು ಕಪ್ಪು ಕಾಣುತ್ತದೆ.

ಡೀಸೆಲ್ ಎರಡು ದಿನ ಕಪ್ಪಾಗಿ ಕಾಣಿಸಿದ್ದು ಹೀಗೆ. ಆವಿಯಾಗುವಷ್ಟು ಆವಿಯಾಯಿತು, ಉಳಿದ ಜಿಡ್ಡಿಗೆ ರಸ್ತೆಯ ಧೂಳು ಅಂಟಿತು. ನಿಮ್ಮ ಕಡೆಯ ಎರೆಮಣ್ಣಿನ ಧೂಳು ಎಷ್ಟು ನುಣುಪು ಅಂತ ನಿಮಗೇ ಗೊತ್ತು. ಕಾಳುಕಾಳಾಗಿರುವ ಪ್ಲಾಸ್ಟಿಕ್‌ನ ಗುಳಿಗಳಲ್ಲಿ ಅದು ಕೂತರೆ ಬರೀ ನೀರಿಗೆ ಬಿಡುವುದಿಲ್ಲ. ಶಕ್ತಿನಗರದ ಕಡೆ ಓಡಾಟ ಜಾಸ್ತಿ ಇದ್ದರೆ ಅಲ್ಲಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿಯೂ ಸೇರಿಕೊಂಡಿರುತ್ತದೆ. "ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ" ಅಂದಿರಲ್ಲ, ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ.

ಎಲ್ಲ ಬಿಳಿಯೂ ಬಿಸಿಲಿನದ್ದೇ ಆಗಬೇಕಿಲ್ಲ. ಇದನ್ನು ಪತ್ತೆ ಮಾಡಲು ಲ್ಯಾಬ್ ಬೇಡ. ಒಂದು ಮಗ್ಗು ನೀರು, ಒಂದು ಬಿಳಿ ಬಟ್ಟೆ, ಸ್ವಲ್ಪ ವಿನೆಗರ್ ಸಾಕು. ತೊಳೆದ ಜಾಗಕ್ಕೆ ನೀರು ಹಾಕಿ. ಸಮನಾಗಿ ಕಪ್ಪಾಗಿ, ಒಣಗಿದ ಕೂಡಲೇ ಸಮನಾಗಿ ಬೂದಿಯಾದರೆ ಅದು ಬಿಸಿಲಿನ ಹೊಡೆತ. ಒದ್ದೆಯಾದಾಗಲೂ ಪೇಂಟ್ ಅಂಚಿನ ಉದ್ದಕ್ಕೆ ಬಿಳಿ ಗೆರೆ, ಅರ್ಧಚಂದ್ರದಂತೆ ಉಜ್ಜಿದ ಗುರುತು ಉಳಿದರೆ ಅದು ಹಳೆಯ ವ್ಯಾಕ್ಸ್ ಅಥವಾ ರಬ್ಬಿಂಗ್ ಪಾಲಿಶ್. ಪಾಲಿಶ್ ಮಾಡುವವರು ಮಾಸ್ಕಿಂಗ್ ಟೇಪ್ ಹಾಕದೆ ಮಷಿನ್ ಓಡಿಸಿದರೆ ಅಂಚಿನ ಪ್ಲಾಸ್ಟಿಕ್‌ಗೆ ಆ ಪಾಲಿಶ್ ಸಿಡಿದು ಅಲ್ಲೇ ಒಣಗುತ್ತದೆ. ಇನ್ನು ನೀರು ಇಳಿದ ದಾರಿಯಲ್ಲಿ ಬಿಳಿ ಗೀಟು, ಉಂಗುರದಂಥ ಕಲೆ ಇದ್ದರೆ ಅದು ಬೋರ್‌ವೆಲ್ ನೀರಿನ ಸುಣ್ಣ. ಆ ಕಲೆಯ ಮೇಲೆ ಒಂದು ಹನಿ ವಿನೆಗರ್ ಬಿಟ್ಟು ಹತ್ತಿರದಿಂದ ನೋಡಿ. ಸಣ್ಣಗೆ ಗುಳ್ಳೆ ಎದ್ದರೆ ಅನುಮಾನವೇ ಇಲ್ಲ.

ಬಾಗಿಲಿನ ರಬ್ಬರ್ ಮೇಲೆ ಹಿಟ್ಟು ಉದುರಿಸಿದಂಥ ಬಿಳಿ ಕಂಡರೆ ಅದು ಇನ್ನೊಂದು ಕಥೆ. ರಬ್ಬರ್ ಮಾಡುವಾಗ ಬೆರೆಸಿದ ಮೇಣ ಮತ್ತು ಬೇರೆ ರಾಸಾಯನಿಕಗಳು ನಿಧಾನವಾಗಿ ಮೇಲಕ್ಕೆ ಬರುತ್ತವೆ. ಒರೆಸಿದರೆ ಹೋಗುತ್ತದೆ, ಕೆಡುಕೇನೂ ಇಲ್ಲ. ಟಯರ್‌ನ ಪಕ್ಕ ಕಂದು ಬಣ್ಣಕ್ಕೆ ತಿರುಗುವುದೂ ಇದೇ ಜಾತಿಯದು. ಓಜೋನ್‌ನಿಂದ ಟಯರ್ ಬಿರುಕು ಬಿಡದಿರಲಿ ಅಂತ ಹಾಕಿದ ವಸ್ತು ಹೊರಬಂದು ಗಾಳಿಗೆ ಕಂದಾಗುತ್ತದೆ. ಮಂಗಳೂರು, ಕಾರವಾರ, ಮಲೆನಾಡಿನ ಕಡೆಯವರಿಗೆ ಬೀಡಿಂಗ್ ಸಂದಿಯಲ್ಲಿ ಹಸಿರು ಪಾಚಿ, ಕಪ್ಪು ಬೂಷ್ಟು ಬರುತ್ತದೆ. ರಾಯಚೂರಿನಲ್ಲಿ ಆ ಕಾಟ ನಿಮಗಿರಲಿಕ್ಕಿಲ್ಲ.

ಕೊನೆಯ ಪರೀಕ್ಷೆ ಬಿಳಿ ಬಟ್ಟೆಯದು. ತೊಳೆದು ಒಣಗಿದ ಬೀಡಿಂಗ್ ಮೇಲೆ ಬಟ್ಟೆ ಉಜ್ಜಿ. ಬಟ್ಟೆಗೆ ಮಸಿ ಹತ್ತುತ್ತಲೇ ಇದ್ದು, ಕೈಗೆ ಅಂಟಂಟು ಅನಿಸಿದರೆ ರಬ್ಬರಿನ ಮೈಯೇ ಕರಗುತ್ತಿದೆ ಅಂತ ಅರ್ಥ. ಅದನ್ನು ಉಳಿಸುವ ಔಷಧ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಈಗ ಡೀಸೆಲ್ ವಿಷಯಕ್ಕೆ ಬರೋಣ, ಇದನ್ನು ಸುಮ್ನೆ ಬಿಡುವ ಹಾಗಿಲ್ಲ. ಇಪಿಡಿಎಂ ರಬ್ಬರ್ ಬಿಸಿಲಿಗೆ ಗಟ್ಟಿ, ಮಳೆಗೆ ಗಟ್ಟಿ, ಓಜೋನ್‌ಗೂ ಗಟ್ಟಿ. ಅದಕ್ಕಾಗಿಯೇ ಬಾಗಿಲಿಗೆ ಅದನ್ನು ಹಾಕುತ್ತಾರೆ. ಆದರೆ ಪೆಟ್ರೋಲಿಯಂ ಎಣ್ಣೆ ಕಂಡರೆ ಅದಕ್ಕೆ ಆಗುವುದಿಲ್ಲ. ಡೀಸೆಲ್, ಸೀಮೆಎಣ್ಣೆ, ಪೆಟ್ರೋಲ್, ಎಂಜಿನ್ ಆಯಿಲ್, ಗ್ರೀಸ್ ಎಲ್ಲವನ್ನೂ ಹೀರಿಕೊಂಡು ಉಬ್ಬುತ್ತದೆ, ಮೆತ್ತಗಾಗುತ್ತದೆ. ನಂಬಿಕೆ ಬರದಿದ್ದರೆ ಗುಜರಿಯಿಂದ ಹಳೆ ಡೋರ್ ಬೀಡಿಂಗ್‌ನ ಒಂದು ತುಂಡು ತನ್ನಿ. ಎರಡು ಸಮ ಭಾಗ ಮಾಡಿ, ಒಂದನ್ನು ನೀರಲ್ಲಿ, ಇನ್ನೊಂದನ್ನು ಡೀಸೆಲ್‌ನಲ್ಲಿ ಒಂದೆರಡು ದಿನ ಮುಳುಗಿಸಿಡಿ. ತೆಗೆದು ಪಕ್ಕಪಕ್ಕ ಇಟ್ಟರೆ ಡೀಸೆಲ್‌ನದು ದಪ್ಪಗಾಗಿರುತ್ತದೆ, ಉಗುರಿಗೆ ಸುಲಭವಾಗಿ ಕೀಳುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಇಷ್ಟು ವೇಗವಾಗಿ ಆಗುವುದಿಲ್ಲ, ನಿಜ. ಆದರೆ ವರ್ಷಗಟ್ಟಲೆ ಒರೆಸುತ್ತಾ ಬಂದರೆ ದಿಕ್ಕು ಅದೇ.

ಇದೇ ಇಪಿಡಿಎಂ ರಬ್ಬರ್‌ನ ಸೀಲುಗಳು ಬ್ರೇಕ್ ಸಿಸ್ಟಮ್‌ನಲ್ಲೂ ಇವೆ. ಬ್ರೇಕ್ ಆಯಿಲ್ ಅಂತ ನಾವು ಕರೆಯುವುದು ಪೆಟ್ರೋಲಿಯಂ ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಅದು ಆ ರಬ್ಬರಿಗೆ ಒಗ್ಗುತ್ತದೆ. ಅಪ್ಪಿತಪ್ಪಿ ಯಾರಾದರೂ ಬ್ರೇಕ್ ಡಬ್ಬಿಗೆ ಎಂಜಿನ್ ಆಯಿಲ್ ಸುರಿದರೆ ಸೀಲುಗಳೆಲ್ಲ ಉಬ್ಬಿ ಬ್ರೇಕ್ ಕೈಕೊಡುತ್ತದೆ. ಹಾಗಂತ ಬ್ರೇಕ್ ಆಯಿಲ್ ತಂದು ಬೀಡಿಂಗ್‌ಗೆ ಹಚ್ಚಬೇಡಿ ಮತ್ತೆ. ಅದು ಪೇಂಟ್ ತಿನ್ನುತ್ತದೆ.

ಡೀಸೆಲ್ ಬಿಟ್ಟರೆ ಮುಂದಿನ ಸಲಹೆ ಕೊಬ್ಬರಿ ಎಣ್ಣೆ. ಪ್ಲಾಸ್ಟಿಕ್‌ಗೆ ಅದರಿಂದ ದೊಡ್ಡ ಹಾನಿ ಇಲ್ಲ. ಆದರೆ ಕಮಟು ಹಿಡಿಯುತ್ತದೆ, ಧೂಳಿಗೆ ಅಂಟಾಗುತ್ತದೆ, ಇರುವೆ ಕರೆಯುತ್ತದೆ. ಇಂಟರ್ನೆಟ್‌ನಲ್ಲಿ ಓಡಾಡುವ ಶೇಂಗಾ ಬೆಣ್ಣೆಯ ಉಪಾಯವೂ ಅಷ್ಟೇ, ಕೆಲಸ ಮಾಡುವುದು ಅದರೊಳಗಿನ ಎಣ್ಣೆ. ಇಲಿಗಳ ಕಾಟ ಇರುವ ಕಡೆ ಗಾಡಿಗೆ ಶೇಂಗಾ ಹಚ್ಚುವುದನ್ನು ಯೋಚನೆ ಮಾಡಿದರೇ ಭಯ. ಕರಿ ಶೂ ಪಾಲಿಶ್ ಹಚ್ಚುವವರೂ ಇದ್ದಾರೆ. ಅದು ನೋಡಲು ಚೆನ್ನಾಗೇ ಕಾಣುತ್ತದೆ, ಬಿಳಿ ಪ್ಯಾಂಟ್ ಹಾಕಿಕೊಂಡು ಯಾರಾದರೂ ಗಾಡಿಗೆ ಒರಗುವವರೆಗೆ. ಡಬ್ಲ್ಯೂಡಿ-40 ಕೂಡ ಪೆಟ್ರೋಲಿಯಂ ಆಧಾರದ್ದೇ. ತುಕ್ಕು ಹಿಡಿದ ಬೋಲ್ಟಿಗೆ ಅದು ಒಳ್ಳೆಯದು, ಬೀಡಿಂಗ್‌ಗೆ ಬೇಡ.

ಸರಿ, ಕೆಲಸಕ್ಕೆ ಇಳಿಯೋಣ. ಬಿಸಿಲೇರುವ ಮುಂಚೆ ಶುರು ಮಾಡಿ. ಬಂಪರ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಬಿಸಿ ಪ್ಲಾಸ್ಟಿಕ್ ಮೇಲೆ ಹಾಕಿದ ಕ್ಲೀನರ್ ಒಣಗಿ ತಾನೇ ಕಲೆಯಾಗುತ್ತದೆ. ಬೇಕಾಗುವ ಸಾಮಾನು: ಕಾರ್ ಶ್ಯಾಂಪೂ, ಆಲ್ ಪರ್ಪಸ್ ಕ್ಲೀನರ್, ಮೆತ್ತನೆಯ ಬ್ರಷ್, ಹಳೆ ಟೂತ್‌ಬ್ರಷ್, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ, ಮಾಸ್ಕಿಂಗ್ ಟೇಪ್. ಆಲ್ ಪರ್ಪಸ್ ಕ್ಲೀನರನ್ನು ಡಬ್ಬಿಯ ಮೇಲೆ ಹೇಳಿದ ಹಾಗೆ ನೀರಲ್ಲಿ ಕಲಸಿ. ಸಾಮಾನ್ಯವಾಗಿ ಒಂದು ಪಾಲಿಗೆ ಹತ್ತು ಪಾಲು ನೀರು ಸಾಕಾಗುತ್ತದೆ. ಅದು ಸಿಗದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಈ ಒಂದು ಸಲಕ್ಕೆ ನಡೆಯುತ್ತದೆ. ಪ್ರತಿ ವಾರ ಮಾತ್ರ ಅದರಲ್ಲೇ ಗಾಡಿ ತೊಳೆಯಬೇಡಿ, ಪೇಂಟ್ ಮೇಲಿನ ವ್ಯಾಕ್ಸ್ ಎಲ್ಲ ಎದ್ದು ಹೋಗುತ್ತದೆ.

ಮೊದಲು ಜೋರಾಗಿ ನೀರು ಬಿಟ್ಟು ಮಣ್ಣು ಇಳಿಸಿ. ಒಣ ಮಣ್ಣಿನ ಮೇಲೆ ಬ್ರಷ್ ಆಡಿಸಿದರೆ ಗೀರು ಬೀಳುತ್ತದೆ. ಶ್ಯಾಂಪೂ ಹಾಕಿ ಇಡೀ ಗಾಡಿ ತೊಳೆದ ಮೇಲೆ, ಪ್ಲಾಸ್ಟಿಕ್‌ಗೆ ತಾಗಿರುವ ಪೇಂಟ್ ಅಂಚನ್ನು ಒರೆಸಿ ಟೇಪ್ ಅಂಟಿಸಿ. ಆಮೇಲೆ ಒಂದೊಂದು ಅಡಿಯಷ್ಟು ಜಾಗ ಹಿಡಿದು ಕ್ಲೀನರ್ ಹೊಡೆಯಿರಿ, ಬ್ರಷ್‌ನಿಂದ ಉದ್ದಕ್ಕೆ, ಅಡ್ಡಕ್ಕೆ ಉಜ್ಜಿ, ಒಣಗುವ ಮುಂಚೆಯೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಮೊದಲ ಬಟ್ಟೆ ನೋಡಿ ನಿಮಗೇ ಗಾಬರಿಯಾಗುತ್ತದೆ. ಚಹಾ ಬಣ್ಣದ ನೊರೆ, ಕರಿ ಜಿಡ್ಡು ಎಲ್ಲ ಇಳಿಯುತ್ತದೆ. ಅದೇ ಜಾಗಕ್ಕೆ ಮತ್ತೆ ಹೊಡೆದು, ಉಜ್ಜಿ, ಒರೆಸಿ. ಬಟ್ಟೆ ಬೆಳ್ಳಗೆ ಬರುವವರೆಗೂ ಮುಂದಿನ ಅಡಿಗೆ ಹೋಗಬೇಡಿ. ಡೀಸೆಲ್ ತಿಂದ ಗಾಡಿಗೆ ಮೂರು ನಾಲ್ಕು ಸಲ ಬೇಕಾಗಬಹುದು. ಬೇಸರದ ಕೆಲಸ, ಆದರೆ ಅಡ್ಡದಾರಿ ಇಲ್ಲ. ಜಿಡ್ಡು ಉಳಿದ ಕಡೆ ಮುಂದೆ ಹಚ್ಚುವ ಯಾವ ಕೋಟಿಂಗೂ ಕಚ್ಚುವುದಿಲ್ಲ, ಒಂದೇ ಮಳೆಗೆ ಪಟ್ಟೆಪಟ್ಟೆಯಾಗಿ ಎದ್ದು ಬರುತ್ತದೆ.

ಸುಣ್ಣದ ಕಲೆ ಇದ್ದ ಜಾಗಕ್ಕೆ ಈಗ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಕಲೆಯ ಮೇಲೆ ಐದು ನಿಮಿಷ ಹಾಸಿಡಿ. ಆಮೇಲೆ ಟೂತ್‌ಬ್ರಷ್ ಆಡಿಸಿ ತೊಳೆಯಿರಿ. ಬಾತ್‌ರೂಮ್ ಆಸಿಡ್ ಕಡೆ ಕೈ ಹೋಗಬಾರದು. ಕ್ರೋಮ್ ಪಟ್ಟಿ, ಅಲಾಯ್ ವೀಲ್ ಎಲ್ಲ ಹಾಳಾಗುತ್ತವೆ. ಇನ್ನೊಂದು ಮಾತು: ಮನೆಯ ಆರ್‌ಒ ಫಿಲ್ಟರ್‌ನಿಂದ ಹೊರಬರುವ ನೀರನ್ನು ಉಳಿಸಿ ಗಾಡಿ ತೊಳೆಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ನೀರು ಉಳಿಸುವ ಉದ್ದೇಶ ಒಳ್ಳೆಯದೇ. ಆದರೆ ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಆ ನೀರಿನಲ್ಲೇ ಇರುತ್ತದೆ. ಫಿಲ್ಟರ್‌ಗೆ ಹೋದ ನೀರಿಗಿಂತ ಅದು ಗಡಸು. ಅಂಗಳ ತೊಳೆಯಲು, ನೆಲ ಒರೆಸಲು ಇಟ್ಟುಕೊಳ್ಳಿ. ಗಾಡಿಗೆ ಕೊನೆಯದಾಗಿ ಹಾಕುವ ಒಂದು ಬಕೆಟ್ ಮಾತ್ರ ಸಿಹಿನೀರಾಗಿರಲಿ, ಹಾಕಿದ ಕೂಡಲೇ ಬಟ್ಟೆಯಲ್ಲಿ ಒರೆಸಿಬಿಡಿ.

ವ್ಯಾಕ್ಸ್‌ನ ಬಿಳಿ ಗೆರೆಗೆ ಮಕ್ಕಳ ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ತಮಾಷೆ ಅಲ್ಲ. ಒಣಗಿದ ಪ್ಲಾಸ್ಟಿಕ್ ಮೇಲೆ, ಕಾಗದದ ಮೇಲೆ ಅಳಿಸಿದ ಹಾಗೆಯೇ ಉಜ್ಜಿ. ಗುಳಿಯೊಳಗಿನ ವ್ಯಾಕ್ಸ್ ರಬ್ಬರ್ ಪುಡಿಯ ಜೊತೆ ಎದ್ದು ಬರುತ್ತದೆ. ದೊಡ್ಡ ಜಾಗ ಇದ್ದರೆ ಮೆಲಮಿನ್ ಸ್ಪಾಂಜ್ ಬಳಸಬಹುದು. ಅದು ನೋಡಲು ಮೆತ್ತಗಿದ್ದರೂ ಅತಿ ನುಣುಪಾದ ಉಪ್ಪುಕಾಗದವೇ. ಕಾಳುಕಾಳಾದ ಪ್ಲಾಸ್ಟಿಕ್‌ಗೆ ಸರಿ. ಹೊಳೆಯುವ ಕಪ್ಪು ಕಂಬಕ್ಕಾಗಲಿ, ಪೇಂಟ್‌ಗಾಗಲಿ ತಾಗಿಸಿದರೆ ಗೀರು ಖಂಡಿತ.

ಎಲ್ಲ ಮುಗಿದ ಮೇಲೆ ಒಣಗಲು ಬಿಡಿ. ಮೇಲೆ ಒಣಗಿದರೂ ಸಂದಿಯಲ್ಲಿ ನೀರು ನಿಂತಿರುತ್ತದೆ, ಕೋಟಿಂಗ್ ಹಚ್ಚುವಾಗ ಸರಿಯಾಗಿ ಅದು ಹನಿಯುತ್ತದೆ. ಸಣ್ಣ ಸುತ್ತು ಓಡಿಸಿಕೊಂಡು ಬಂದು ನೆರಳಲ್ಲಿ ನಿಲ್ಲಿಸಿದರೆ ಒಳ್ಳೆಯದು. ನಂತರ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರು ಸಮ ಪಾಲು ಸೇರಿಸಿ, ಪ್ಲಾಸ್ಟಿಕ್ ಮಾತ್ರ ಒಮ್ಮೆ ಒರೆಸಿ. ಜಿಡ್ಡಿನ ಕೊನೆಯ ಪದರ ಹೋಗುತ್ತದೆ. ಬೆಂಕಿ ಹತ್ತುವ ವಸ್ತು ಅದು, ಪಕ್ಕದಲ್ಲಿ ಬೀಡಿ ಸಿಗರೇಟು ಬೇಡ.

ಇಲ್ಲಿಗೆ ಬಂದಾಗ ಪ್ಲಾಸ್ಟಿಕ್ ನಿಮಗೆ ಮೊದಲಿಗಿಂತ ಬೆಳ್ಳಗೆ ಕಾಣಬಹುದು. ಹೆದರಬೇಡಿ. ಇಷ್ಟು ದಿನ ಜಿಡ್ಡು ಮುಚ್ಚಿಟ್ಟಿದ್ದ ನಿಜ ಬಣ್ಣ ಇದು.

ಈಗ ಡಬ್ಬಿಯ ಮಾತು. ಮಾರುಕಟ್ಟೆಯಲ್ಲಿ ಹೆಸರು ನೂರಾರು ಇದ್ದರೂ ಸರಕು ಮುಖ್ಯವಾಗಿ ಎರಡು ಬಗೆ. ಒಂದು ಡ್ರೆಸ್ಸಿಂಗ್: ಸಿಲಿಕೋನ್ ಎಣ್ಣೆಯನ್ನು ನೀರಲ್ಲೋ ಸಾಲ್ವೆಂಟ್‌ನಲ್ಲೋ ಬೆರೆಸಿದ್ದು. ನೀರಿನದು ಹಾಲಿನಂತೆ ಬೆಳ್ಳಗಿರುತ್ತದೆ, ಹಚ್ಚಿದರೆ ಹೊಳಪು ಕಡಿಮೆ, ರಬ್ಬರಿಗೂ ಹಿತ. ಸಾಲ್ವೆಂಟ್‌ನದು ಜಿಡ್ಡಾಗಿ ಥಳಥಳ ಹೊಳೆಯುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ. ಮೂಗಿಗೇ ಗೊತ್ತಾಗುತ್ತದೆ, ಅದನ್ನು ಬಿಡಿ. ಡ್ರೆಸ್ಸಿಂಗ್ ಬಿರುಕನ್ನು ತುಂಬುತ್ತದೆ, ಕೆಲವು ವಾರದಲ್ಲಿ ತೊಳೆದು ಹೋಗುತ್ತದೆ, ಮತ್ತೆ ಹಚ್ಚಬೇಕು. ಇನ್ನೊಂದು ಕೋಟಿಂಗ್: ಹಚ್ಚಿದ ಮೇಲೆ ಗಾಳಿಯ ತೇವಕ್ಕೆ ಗಟ್ಟಿಯಾಗಿ ಪ್ಲಾಸ್ಟಿಕ್ ಮೇಲೆ ಕೂರುವಂಥದ್ದು. ಸೆರಾಮಿಕ್ ಟ್ರಿಮ್ ಕೋಟಿಂಗ್ ಅಂತ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ. ಚೆನ್ನಾಗಿ ತೊಳೆದು ಹಚ್ಚಿದರೆ ತಿಂಗಳುಗಟ್ಟಲೆ ನಿಲ್ಲುತ್ತದೆ. ನಿಮ್ಮ ಬಂಪರ್ ಮತ್ತು ಕ್ಲಾಡಿಂಗ್‌ಗೆ ನಾನು ಹೇಳುವುದು ಇದನ್ನೇ. ಸಣ್ಣ ಬಾಟಲಿ ಒಂದು ಗಾಡಿಗೆ ಧಾರಾಳವಾಗಿ ಸಾಕು, ಯಾಕೆಂದರೆ ತೆಳುವಾಗಿ ಹಚ್ಚುವುದೇ ಇದರ ಗುಟ್ಟು.

ಮೊದಲು ಬಂಪರ್‌ನ ತೀರಾ ಕೆಳಗೆ, ಯಾರಿಗೂ ಕಾಣದ ಕಡೆ ಸ್ವಲ್ಪ ಹಚ್ಚಿ ಬಣ್ಣ ನೋಡಿಕೊಳ್ಳಿ. ಕೈಗೆ ಗ್ಲೋವ್ಸ್ ಹಾಕಿ. ಸ್ಪಾಂಜ್ ಮೇಲೆ ನಾಲ್ಕೈದು ಹನಿ ಹಾಕಿಕೊಂಡು ಎರಡಡಿ ಜಾಗಕ್ಕೆ ಉದ್ದಕ್ಕೂ ಅಡ್ಡಕ್ಕೂ ಎಳೆಯಿರಿ. ಒಂದೆರಡು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ. ಒರೆಸದೆ ಬಿಟ್ಟ ಹನಿ ಗಟ್ಟಿಯಾದರೆ ಕಪ್ಪು ಕಲೆಯಾಗಿ ಉಳಿಯುತ್ತದೆ. ಪೇಂಟ್ ಮೇಲೆ ಬಿದ್ದರೆ ಆಗಲೇ ಒರೆಸಿಬಿಡಿ. ತುಂಬಾ ಬಿಳಿಚಿದ ಕಡೆ, ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಕಾದು, ಎರಡನೇ ಕೈ ಕೊಡಿ. ಒಂದು ದಿನವಾದರೂ ನೀರು ತಾಗಬಾರದು. ಅಂದರೆ ಮಳೆಗಾಲದ ನಡುವೆ ಈ ಕೆಲಸ ಹಿಡಿಯಬೇಡಿ.

ಬಾಗಿಲಿನ ಬೀಡಿಂಗ್‌ಗೆ ಮಾತ್ರ ಈ ಕೋಟಿಂಗ್ ಬೇಡ. ಅದು ಪ್ರತಿ ಸಲ ಬಾಗಿಲು ಹಾಕಿದಾಗ ಒತ್ತಿಕೊಳ್ಳುವ ವಸ್ತು. ಗಟ್ಟಿ ಪದರ ಅಲ್ಲಿ ನಿಲ್ಲುವುದಿಲ್ಲ. ಕ್ಲೀನರ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಮಡಿಕೆ ಬಿಡಿಸಿ ಒಳಗಿನ ಮಣ್ಣು ತೆಗೆಯಿರಿ, ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಒಣಗಿಸಿ. ಆಮೇಲೆ ನೀರಿನ ಆಧಾರದ ಡ್ರೆಸ್ಸಿಂಗ್ ಅಥವಾ ಶುದ್ಧ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದುಕೊಂಡು ತೆಳುವಾಗಿ ಸವರಿ. ನೇರವಾಗಿ ಗಾಡಿಗೆ ಹೊಡೆದರೆ ಸಿಲಿಕೋನ್ ಗಾಜಿನ ಮೇಲೆ ಕೂತು, ಮಳೆಯಲ್ಲಿ ವೈಪರ್ ಎಳೆದಾಗ ಮಬ್ಬು ಮಬ್ಬಾಗುತ್ತದೆ. ಪೇಂಟ್ ಮೇಲೆ ಕೂತರೆ ಮುಂದೆ ಯಾವತ್ತಾದರೂ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸುವಾಗ ಅಲ್ಲಿ ಬಣ್ಣ ನಿಲ್ಲದೆ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಪೇಂಟರ್‌ಗಳು ಸಿಲಿಕೋನ್ ಹೆಸರು ಕೇಳಿದರೆ ಸಿಡುಕುವುದು ಸುಮ್ನೆ ಅಲ್ಲ. ಸ್ಟೀರಿಂಗ್, ಪೆಡಲ್, ಟಯರ್‌ನ ನೆಲಕ್ಕೆ ತಾಗುವ ಭಾಗ, ಇವುಗಳಿಗೆ ಡ್ರೆಸ್ಸಿಂಗ್ ಯಾವ ಕಾರಣಕ್ಕೂ ಬೇಡ, ಜಾರುತ್ತದೆ. ಗಾಜು ಓಡಾಡುವ ರೋಮದ ಚಾನೆಲ್‌ಗೂ ಬೇಡ, ಹಚ್ಚಿದರೆ ಗಾಜು ಏರಿಸಿ ಇಳಿಸಿದಾಗಲೆಲ್ಲ ಗೆರೆ ಬೀಳುತ್ತದೆ.

ಜರ್ಮನಿ, ಕೆನಡಾ ಕಡೆ ಇರುವ ನಮ್ಮವರಿಗೆ ಬಾಗಿಲ ರಬ್ಬರಿನ ಆರೈಕೆ ಅಂದದ ಪ್ರಶ್ನೆಯಲ್ಲ. ಚಳಿಗಾಲದಲ್ಲಿ ಒದ್ದೆ ಬೀಡಿಂಗ್ ಹೆಪ್ಪುಗಟ್ಟಿ ಬಾಗಿಲಿಗೇ ಅಂಟಿಕೊಳ್ಳುತ್ತದೆ, ಎಳೆದರೆ ಹರಿಯುತ್ತದೆ. ಅಲ್ಲಿ ರಬ್ಬರಿಗೆಂದೇ ಸವರುವ ಕಡ್ಡಿಗಳು ಸಿಗುತ್ತವೆ. ನಮ್ಮಲ್ಲಿ ಬೀಡಿಂಗ್‌ನ ಕೆಲಸ ಧೂಳು ಮತ್ತು ನೀರನ್ನು ತಡೆಯುವುದು. ಅದು ಆಗುತ್ತಿದೆಯಾ ನೋಡಿ: ಕಾಗದದ ಪಟ್ಟಿಯೊಂದನ್ನು ಅಡ್ಡ ಇಟ್ಟು ಬಾಗಿಲು ಹಾಕಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿದರೆ ಆ ಜಾಗದಲ್ಲಿ ರಬ್ಬರ್ ಕೂತುಹೋಗಿದೆ. ಬಣ್ಣ ಸ್ವಲ್ಪ ಬೂದಿಯಾಗಿದ್ದರೂ ಹಿಡಿತ ಇದ್ದರೆ ನಾನು ಅದನ್ನು ಮುಟ್ಟಲು ಹೋಗುವುದಿಲ್ಲ.

ಇನ್ನು ನಿಮ್ಮ ಗಾಜಿನ ಬುಡದ ಹೊರಗಿನ ಬೀಡಿಂಗ್. ಇಷ್ಟು ವರ್ಷ ರಾಯಚೂರಿನ ಬಿಸಿಲು ಕಂಡ ಮೇಲೆ ಅದು ಉಳಿಯುವುದು ಅನುಮಾನ. ಎರಡೂ ತುದಿ ನೋಡಿ. ಕುಗ್ಗಿ ಗಿಡ್ಡವಾಗಿದೆಯಾ? ಗಾಜಿಗೆ ತಾಗುವ ತುಟಿ ಸೆಟೆದುಕೊಂಡು ಹೊರಕ್ಕೆ ಬಾಗಿದೆಯಾ? ಬೆರಳಾಡಿಸಿದರೆ ಅಡ್ಡಡ್ಡ ಬಿರುಕು ಸಿಗುತ್ತದೆಯಾ? ಒಂದಕ್ಕೆ ಹೌದು ಅಂದರೂ ಹೊಸದು ಹಾಕಿಸಿ. ಬಿರುಕನ್ನು ಕೂಡಿಸುವ ಎಣ್ಣೆ ಇಲ್ಲ. ಹಾಗೇ ಬಿಟ್ಟರೆ ಮಣ್ಣಿನ ಕಣ ತುಟಿಯ ಸಂದಿಯಲ್ಲಿ ಕೂತು ಗಾಜಿಗೆ ಗೀರು ಹಾಕುತ್ತದೆ, ಮಳೆ ನೀರು ಬಾಗಿಲೊಳಗೆ ಜಾಸ್ತಿ ಇಳಿಯುತ್ತದೆ. ಸ್ವಲ್ಪ ನೀರು ಒಳಗೆ ಇಳಿಯುವುದು ಸಹಜ. ಅದು ಹೊರಹೋಗಲಿ ಅಂತಲೇ ಬಾಗಿಲಿನ ತಳದಲ್ಲಿ ತೂತುಗಳಿರುತ್ತವೆ. ಗಾಡಿ ತೊಳೆಯುವಾಗ ಅವುಗಳಿಗೆ ಪ್ಲಾಸ್ಟಿಕ್ ಕಡ್ಡಿ ಆಡಿಸಿ. ಎರೆಮಣ್ಣು ಕಟ್ಟಿಕೊಂಡಿದ್ದರೆ ನೀರು ಒಳಗೇ ನಿಂತು ಬಾಗಿಲು ತಳದಿಂದ ತುಕ್ಕು ಹಿಡಿಯುತ್ತದೆ.

ಹೀಟ್ ಗನ್ ಬಗ್ಗೆಯೂ ನೀವು ವಿಡಿಯೊ ನೋಡಿರುತ್ತೀರಿ. ಬೂದಿ ಬಂಪರ್ ಮೇಲೆ ಬಿಸಿಗಾಳಿ ಹಾಯಿಸಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಮೋಸವೇನಲ್ಲ. ಪಾಲಿಪ್ರೊಪಿಲಿನ್ ಸುಮಾರು 160 ಡಿಗ್ರಿಗೆ ಕರಗುತ್ತದೆ. ಬಿರುಕು ಬಿಟ್ಟ ಮೇಲ್ಪದರ ಕರಗಿ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಆ ಪದರ ಮೊದಲೇ ಶಕ್ತಿ ಕಳೆದುಕೊಂಡದ್ದು, ಬಿಸಿಲಿಗೆ ಮತ್ತೆ ಬೇಗ ಬಿಳಿಚುತ್ತದೆ. ಒಂದು ಕ್ಷಣ ಜಾಸ್ತಿ ನಿಂತರೆ ಕಾಳುಗಳೆಲ್ಲ ಕರಗಿ ನುಣ್ಣಗಾಗಿ ಕಲೆ ಬೀಳುತ್ತದೆ, ಪಕ್ಕದ ಪೇಂಟ್ ಗುಳ್ಳೆ ಏಳುತ್ತದೆ. ಸೆನ್ಸರ್ ಇರುವ ಬಂಪರ್ ಹತ್ತಿರ, ರಬ್ಬರ್ ಹತ್ತಿರ, ಗಾಜಿನ ಹತ್ತಿರ ಖಂಡಿತ ಬೇಡ. ಕಪ್ಪು ಸ್ಪ್ರೇ ಪೇಂಟ್ ಹೊಡೆಸಬಹುದು, ಆದರೆ ಪಾಲಿಪ್ರೊಪಿಲಿನ್‌ಗೆ ಬಣ್ಣ ಸುಲಭಕ್ಕೆ ಹಿಡಿಯುವುದಿಲ್ಲ. ಮೊದಲು ಪ್ಲಾಸ್ಟಿಕ್ ಪ್ರೈಮರ್ ಹೊಡೆಯಲೇಬೇಕು. ಪ್ರೈಮರ್ ಬಿಟ್ಟು ಮೇಲಿಂದ ಬರೀ ಬಣ್ಣ ಹೊಡೆದರೆ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಎದ್ದ ಮೇಲೆ ಅದನ್ನು ಕೆರೆದು ತೆಗೆಯುವ ಕಷ್ಟ ಬೇರೆ.

ಡಿಟೇಲಿಂಗ್ ಅಂಗಡಿಗೆ ಹಣ ಕೊಡಬಹುದಾ ಅಂದರೆ, ಕೋಟಿಂಗ್‌ಗಾಗಿ ಅಷ್ಟು ಕೊಡಬೇಕಿಲ್ಲ. ತೊಳೆಯುವ ಕೂಲಿಗಾಗಿ ಬೇಕಾದರೆ ಕೊಡಿ, ನಿಜವಾದ ದುಡಿಮೆ ಅಲ್ಲಿಯೇ ಇರುವುದು. ಹೋಗಿ ಮೂರು ವಿಷಯ ಕೇಳಿ. ಡೀಸೆಲ್ ಜಿಡ್ಡು ಮತ್ತು ಹಳೆ ವ್ಯಾಕ್ಸ್ ಹೇಗೆ ತೆಗೆಯುತ್ತೀರಿ? ಹಚ್ಚುವ ಬಾಟಲಿ ಪ್ಲಾಸ್ಟಿಕ್‌ಗೆಂದೇ ಮಾಡಿದ್ದಾ, ಪೇಂಟ್‌ಗೆ ಹಚ್ಚುವುದನ್ನೇ ಇದಕ್ಕೂ ಹಚ್ಚುತ್ತೀರಾ? ಎಷ್ಟು ಹೊತ್ತು ಗಾಡಿ ಬಿಡಬೇಕು? ಒಂದು ಗಂಟೆಯಲ್ಲಿ ಕೊಡುತ್ತೇವೆ ಅಂದರೆ ಹಚ್ಚುವುದು ಡ್ರೆಸ್ಸಿಂಗ್, ಬಿಲ್ಲಿನಲ್ಲಿ ಬರೆಯುವುದು ಸೆರಾಮಿಕ್ ಅಂತ ತಿಳಿಯಿರಿ. ಬಾನೆಟ್‌ನಿಂದ ಡಿಕ್ಕಿಯವರೆಗೆ ಇಡೀ ಗಾಡಿಯ ಪ್ಯಾಕೇಜ್ ಹೇಳಿದರೆ, ಪ್ಲಾಸ್ಟಿಕ್ ಭಾಗಕ್ಕೆ ಮಾತ್ರ ಎಷ್ಟು ಅಂತ ಬೇರೆ ರೇಟ್ ಕೇಳಿ. ನಿಮ್ಮ ಪೇಂಟ್ ಚೆನ್ನಾಗಿದೆ ಅಂತ ನೀವೇ ಬರೆದಿದ್ದೀರಿ. ಆ ಹಣದಲ್ಲಿ ಸ್ವಲ್ಪ ಭಾಗಕ್ಕೆ ನಾಲ್ಕೂ ಬಾಗಿಲಿನ ಹೊಸ ಗ್ಲಾಸ್ ಬೀಡಿಂಗ್ ಹಾಕಿಸಿ. ವಾಟರ್ ಸರ್ವಿಸ್‌ನವರಿಗೆ ಮಾತ್ರ, ಮುಂದಿನ ಸಲ ಗಾಡಿ ಬಿಡುವಾಗಲೇ, ಡೀಸೆಲ್ ಬಟ್ಟೆ ತಾಗಿಸಬೇಡಿ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅಭ್ಯಾಸಬಲದಿಂದ ಹಚ್ಚಿಯೇ ಹಚ್ಚುತ್ತಾರೆ.